ಗೀಟು ಒಂದು, ಚುಕ್ಕಿ ನಾಲ್ಕು

ನಮ್ಮ ಮನೆಯ ಅಂಗಳದಲ್ಲಿ ಒಂದು ಹಳೆಯ ಪ್ಯೂಜೋ 504 ಕಾರು ಒಂಬತ್ತು ವರ್ಷದಿಂದ ನಿಂತಿತ್ತು. ಅದರ ಪಕ್ಕದಲ್ಲೇ ಅಡುಗೆಮನೆ, ಕಾರಿಗಿಂತ ಚಿಕ್ಕದು. ಇಬ್ಬರು ಸೊಸೆಯಂದಿರು ಒಟ್ಟಿಗೆ ಒಳಗೆ ನಿಂತರೆ ಒಬ್ಬಳ ಮೊಣಕೈ ಇನ್ನೊಬ್ಬಳ ಸಾರಿನ ಪಾತ್ರೆಗೆ ತಾಗುತ್ತಿತ್ತು. ಹಾಗಾಗಿ ಆ ಸೆಪ್ಟೆಂಬರಿನಲ್ಲಿ, ರಂಜಾನಿಗೆ ಎರಡು ವಾರ ಇರುವಾಗ, ಕಾರನ್ನು ಗುಜರಿಗೆ ಹಾಕಿ ಅಡುಗೆಮನೆ ದೊಡ್ಡದು ಮಾಡೋಣ ಎಂದು ನನ್ನ ಗಂಡ ಮುರಾದ್ ಊಟದ ಮಧ್ಯೆ ಎತ್ತಿದ ಮಾತಿನಲ್ಲಿ ನನ್ನ ಕೈವಾಡವೂ ಇತ್ತು. ಸುಳ್ಳು ಯಾಕೆ ಹೇಳಲಿ.

ಮಾವ ಜುಬೀರ್ ಈ ಬ್ಲಿದಾ ಊರಿನಲ್ಲಿ ನಲವತ್ತು ವರ್ಷ ಇಂಜಿನ್ ಬಿಚ್ಚಿದವರು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

"ಹಬ್ಬದೊಳಗೆ ಓಡಿಸ್ತೀನಿ. ಓಡ್ಲಿಲ್ಲ ಅಂದ್ರೆ ನೀನೇ ತಗೊಂಡೋಗಿ ಮಾರು."

"ಒಂಬತ್ತು ವರ್ಷ ಓಡ್ದೇ ಇರೋದು ಆರು ವಾರದಲ್ಲಿ ಓಡುತ್ತಾ ಅಪ್ಪ?"

"ನೀನು ನಡೆಯೋಕೆ ಎರಡು ವರ್ಷ ತಗೊಂಡೆ. ನಿನ್ನ ಮಾರಿದ್ನಾ?"

ಮುರಾದ್ ಇನ್ನೊಂದು ರೊಟ್ಟಿ ಎಳೆದುಕೊಂಡ. ನನ್ನ ಓರಗಿತ್ತಿ ಹೂರಿಯಾ ಮಾತ್ರ ತಲೆ ಎತ್ತದೆ ಮಗಳ ತಟ್ಟೆಗೆ ಕಡಲೆಕಾಳು ಆರಿಸಿ ಹಾಕುತ್ತಿದ್ದಳು. ಆ ಕಾರಿನ ಮಾತು ಬಂದಾಗಲೆಲ್ಲ ಅವಳು ಹಾಗೆಯೇ. ಯಾಕೆಂದರೆ ನಮ್ಮಲ್ಲಿ ಅಂಥ ಕಾರು ಎರಡಿದ್ದವು. ಎರಡನ್ನೂ ಮಾವ ಒಂದೇ ವರ್ಷ ಕೊಂಡಿದ್ದರು. ಒಂದು ಮನೆಗೆ, ಇನ್ನೊಂದು ಬಾಡಿಗೆಗೆ. ಬಾಡಿಗೆ ಗಾಡಿಯನ್ನು ಓಡಿಸುತ್ತಿದ್ದವನು ಮಾವನ ಹಿರಿಮಗ, ಹೂರಿಯಾಳ ಗಂಡ ಲಮೀನ್. ತೊಂಬತ್ತೈದರ ಏಪ್ರಿಲಿನಲ್ಲಿ ಒಂದು ಗುರುವಾರ ಮಧ್ಯಾಹ್ನ ಐದು ಜನರನ್ನು ಕೂರಿಸಿಕೊಂಡು ಮೆದಿಯಾದ ಬೆಟ್ಟದ ದಾರಿ ಹಿಡಿದು ಹೋದ. ಅವನೂ ಬರಲಿಲ್ಲ, ಗಾಡಿಯೂ ಬರಲಿಲ್ಲ, ಕೂತವರೂ ಬರಲಿಲ್ಲ. ಸೈನ್ಯಕ್ಕೂ ಬಂಡುಕೋರರಿಗೂ ಕಾದಾಟ ನಡೆದ ಆ ವರ್ಷಗಳಲ್ಲಿ ಹಾಗೆ ಹೋದವರನ್ನು ತಡೆದವರು ಯಾರು ಎಂದು ಕೇಳಿದರೆ ಈ ಕಡೆಯವರು ಆ ಕಡೆ ಕೈ ತೋರಿಸುತ್ತಿದ್ದರು, ಆ ಕಡೆಯವರು ಈ ಕಡೆ. ಹೂರಿಯಾ ಆಗ ಐದು ತಿಂಗಳ ಬಸುರಿ. ಮಗಳು ನಿಹಾದ್‌ಗೆ ಈಗ ಹನ್ನೊಂದು.

ಹನ್ನೊಂದು ವರ್ಷದಿಂದ ಅತ್ತೆ ಕೆಲ್ತೂಮ್ ತಮ್ಮ ಮಗ ಬದುಕಿದ್ದಾನೆ ಎಂದೇ ನಡೆದುಕೊಂಡರು. ಶುಕ್ರವಾರದ ಕುಸ್‌ಕುಸ್‌ಗೆ ಅವನದೂ ಒಂದು ತಟ್ಟೆ. ಅವನ ಚಳಿಯ ಕೋಟಿಗೆ ಪ್ರತಿ ವರ್ಷ ಬಿಸಿಲು. ಈ ವರ್ಷ ಬೂಫಾರಿಕ್‌ನ ಒಬ್ಬ ಮೇಷ್ಟ್ರು, ಹೆಂಡತಿ ಸತ್ತವರು, ಹೂರಿಯಾಳನ್ನು ಮದುವೆಗೆ ಕೇಳಿಸಿದರು. ನಿಹಾದ್ ಕೂಡ ತಮ್ಮ ಮನೆಯಲ್ಲೇ ಬೆಳೆಯಲಿ ಅಂದರು. ಲಮೀನ್ ತೀರಿಹೋಗಿದ್ದಾನೆ ಎಂದು ಕೋರ್ಟು ಬರೆದುಕೊಟ್ಟರೆ ಮಾತ್ರ ಅವಳ ದಾರಿ ತೆರೆಯುತ್ತಿತ್ತು. ಹೂರಿಯಾ ಅರ್ಜಿ ಹಾಕಿದಳು, ನವೆಂಬರಿಗೆ ವಿಚಾರಣೆ ಬಿತ್ತು. ಅವತ್ತಿನಿಂದ ಅತ್ತೆ ಅವಳ ಕೈಯ ಕಾಫಿ ಕುಡಿಯುವುದನ್ನು ಬಿಟ್ಟರು.

"ಗಂಡನಿರೋ ಹೆಂಗಸು ನೀನು," ಅಂದರು ಒಂದು ದಿನ ಬಟ್ಟೆ ಹಿಂಡುತ್ತಾ. "ಬೇರೆಯವನ ಮನೆ ಸೇರಿದ್ರೆ ಅದಕ್ಕೇನಂತಾರೆ, ನೀನೇ ಹೇಳು."

"ಹನ್ನೊಂದು ವರ್ಷ ನಿಮ್ಮ ಬಟ್ಟೆ ಹಿಂಡಿದೀನಿ ಅತ್ತೆ. ಅದಕ್ಕೇನಂತಾರೆ, ನೀವು ಹೇಳಿ," ಅಂದಳು ಹೂರಿಯಾ.

ಮಾವನದು ಅಡಕತ್ತರಿಯಲ್ಲಿ ಸಿಕ್ಕ ಸ್ಥಿತಿ. ಸೊಸೆ ಹೋಗಲಿ ಅಂದರೆ ಮಗನನ್ನು ಹೂತಂತೆ, ಬೇಡ ಅಂದರೆ ಸೊಸೆಯನ್ನು ಹೂತಂತೆ. ಅವರು ಎರಡೂ ಅನ್ನದೆ ಕಾರಿನ ಬಾನೆಟ್ ಎತ್ತಿದರು.

ಇಂಜಿನ್ ಒಳಗೆ ಒಂದು ರಾಡ್ ಮುರಿದು ಪಕ್ಕದ ಸಿಲಿಂಡರುಗಳನ್ನೂ ಹಾಳು ಮಾಡಿತ್ತು. ಅಂಗಡಿಯಲ್ಲಿ ಸಿಗುವುದೆಲ್ಲ ನಕಲಿ ಮಾಲು. ಮಾವ ಅದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ ವಾಪಸ್ ಇಡುತ್ತಿದ್ದರು. ಅಸಲಿ ಬೇಕಾದರೆ ಶನಿವಾರದ ಗುಜರಿ ಸಂತೆಯೇ ಗತಿ. ಅಲ್ಲಿಯೂ ಯಾವುದೋ ಒಂದು ಸಿಕ್ಕರೆ ಸಾಲದು. ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಕೂಡಿಸುವ ಈ ರಾಡಿಗೆ ಕೆಳತುದಿಯಲ್ಲಿ ಒಂದು ಕ್ಯಾಪ್ ಇರುತ್ತದೆ. ಎರಡನ್ನೂ ಬೋಲ್ಟ್ ಬಿಗಿದು ಒಟ್ಟಿಗೇ ಕೊರೆದಿರುವುದರಿಂದ ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರುವುದಿಲ್ಲ. ನಾಲ್ಕು ರಾಡಿನ ತೂಕವೂ ಸಮ ಇರಬೇಕು. ಮದುವೆ ಮಾಡುವಾಗ ಇಷ್ಟು ನೋಡಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು. ತೂಕಕ್ಕೆ ಅವರು ಒಯ್ದದ್ದು ನನ್ನ ಅಡುಗೆಮನೆಯ ತಕ್ಕಡಿಯನ್ನು. ಒಂದು ವಾರ ರವೆಯೆಲ್ಲ ಸೀಮೆಎಣ್ಣೆ ನಾತ.

ಮೊದಲ ಶನಿವಾರ ಎರಡು ರಾಡ್ ತಂದರು. ಮಾರಿದವನು ತೆಂಕಣ ಸೀಮೆಯಿಂದ ಲಾರಿಯಲ್ಲಿ ಮಾಲು ತರುವ ಒಬ್ಬ ಬಕ್ಕತಲೆಯವನು. ಮಾವ ಅಂಗಳದಲ್ಲಿ ಕೂತು ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆಯುತ್ತಿದ್ದವರು ಇದ್ದಕ್ಕಿದ್ದಂತೆ ಅಲ್ಲಾಡದೆ ಕೂತುಬಿಟ್ಟರು. ನಾನು ಬಟ್ಟೆ ಒಣಹಾಕುತ್ತಿದ್ದೆ. ಹತ್ತಿರ ಹೋದೆ.

"ವರ್ದಾ, ನನ್ನ ಕಣ್ಣು ಮಂಜು. ಇಲ್ಲಿ ಏನಿದೆ ನೋಡಮ್ಮ."

ಕಬ್ಬಿಣದ ಮೇಲೆ ಉಳಿಯಿಂದ ಹೊಡೆದ ಒಂದು ಗೀಟು. ಅದರ ಪಕ್ಕ ಮೊಳೆಮೂತಿಯ ಪಂಚಿನಿಂದ ಹೊಡೆದ ನಾಲ್ಕು ಚುಕ್ಕಿ. ಇನ್ನೊಂದರ ಮೇಲೆ ಎರಡು ಗೀಟು, ಮೂರು ಚುಕ್ಕಿ.

ಮಾವ ಕೈ ಒರೆಸಿಕೊಳ್ಳದೆ ಹಾಗೇ ಎದ್ದು ಹೋದರು. ಅವತ್ತು ಊಟಕ್ಕೆ ಬರಲಿಲ್ಲ. ಆ ಗೀಟು ಚುಕ್ಕಿಗಳ ಅರ್ಥವನ್ನು ಬಿಡಿಸಿ ಹೇಳಿದವನು ಮುರಾದ್. ಈ ಫ್ರೆಂಚ್ ಕಾರುಗಳಲ್ಲಿ ಒಂದನೇ ಸಿಲಿಂಡರ್ ಅಂದರೆ ಹಿಂದೆ, ಗೇರ್‌ಬಾಕ್ಸಿನ ಕಡೆಯದು. ಮಾವ ಹಾಗೆಯೇ ಎಣಿಸಿ ಗೀಟು ಹಾಕುತ್ತಿದ್ದರು. ಲಮೀನ್ ಕೆಲಸ ಕಲಿತದ್ದು ಸರ್ಕಾರಿ ತೋಟದ ಟ್ರ್ಯಾಕ್ಟರುಗಳ ಮೇಲೆ. ಅಲ್ಲಿ ಮುಂದಿನ ಫ್ಯಾನಿನ ಕಡೆಯಿಂದ ಎಣಿಕೆ. ಅಪ್ಪ ತಲೆಗೆ ಸ್ಪ್ಯಾನರಿನಲ್ಲಿ ಕುಟ್ಟಿ ಹೇಳಿಕೊಟ್ಟರೂ ಅವನ ಅಭ್ಯಾಸ ಹೋಗಲಿಲ್ಲ. ಬಾಡಿಗೆ ಗಾಡಿಯ ಇಂಜಿನನ್ನು ಮೊದಲು ಬಿಚ್ಚಿದ್ದು ಅಪ್ಪ, ಆಮೇಲೆ ಬಿಚ್ಚಿದ್ದು ಮಗ. ಅಪ್ಪನ ಗೀಟಿನ ಪಕ್ಕ ಮಗ ತನ್ನ ಚುಕ್ಕಿ ಹೊಡೆದ, ತಪ್ಪು ತುದಿಯಿಂದ. ಎರಡೂ ಕೂಡಿಸಿದರೆ ಯಾವಾಗಲೂ ಐದು.

ಮರುವಾರ ಅದೇ ಬಕ್ಕತಲೆಯವನ ರಾಶಿಯ ತಳದಲ್ಲಿ ಉಳಿದೆರಡು ಸಿಕ್ಕವು. ಮೂರು ಗೀಟು, ಎರಡು ಚುಕ್ಕಿ. ನಾಲ್ಕು ಗೀಟು, ಒಂದು ಚುಕ್ಕಿ. ಮಾವ ನಾಲ್ಕನ್ನೂ ಹಳೆಯ ಬಿಳಿ ದುಪ್ಪಟಿಯ ಮೇಲೆ ಸಾಲಾಗಿ ಮಲಗಿಸಿದ್ದರು. ಮೀಯಿಸಲು ಮಲಗಿಸಿದ ಹೆಣದ ಹಾಗೆ ಕಾಣುತ್ತಿತ್ತು. ಹೂರಿಯಾ ಆಮೇಲೆ ಅಂಗಳ ದಾಟದೆ ಗೋಡೆಗೆ ಆತುಕೊಂಡು ಸುತ್ತಿ ಅಡುಗೆಮನೆಗೆ ಹೋಗತೊಡಗಿದಳು.

ಅತ್ತೆಗೆ ಹೇಳುವುದು ಬೇಡ ಎಂದು ನಾವೆಲ್ಲ ಗೊತ್ತುಮಾಡಿಕೊಂಡಿದ್ದೆವು. ನಿಹಾದ್ ಹೇಳಿಬಿಟ್ಟಳು. ಅತ್ತೆ ಅಳಲಿಲ್ಲ. ದುಪ್ಪಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದರ ಮೇಲೂ ಕೈಯಿಟ್ಟರು.

"ಬರ್ತಿದಾನೆ," ಅಂದರು. "ಒಟ್ಟಿಗೆ ಬರೋಕೆ ಬಿಡ್ತಿಲ್ಲ, ಅದಕ್ಕೇ ತುಂಡು ತುಂಡಾಗಿ ಬರ್ತಿದಾನೆ."

ಅದನ್ನು ಅವರು ಹೇಳಿದ ರೀತಿ, ಬೇಳೆ ಬೆಂದಿದೆ ಅನ್ನುವ ಹಾಗೆ. ನನಗೆ ಹೆದರಿಕೆಯಾದದ್ದು ಅದಕ್ಕೇ. ಅವತ್ತಿನಿಂದ ಬೀದಿಬಾಗಿಲಿನ ಅಗುಳಿ ಹಾಕಲು ಬಿಡಲಿಲ್ಲ. ಲಮೀನನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿಸಿದರು. ರಂಜಾನ್ ಶುರುವಾಯಿತು. ಸಂಜೆ ಉಪವಾಸ ಬಿಡುವಾಗ ಅವನ ಬಟ್ಟಲಿಗೂ ಶೋರ್ಬಾ ಸಾರು ಬಡಿಸುತ್ತಿದ್ದರು. ಅದರಲ್ಲಿ ಆವಿ ಆರುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಮುರಾದ್ ಸಿಡುಕಿದ. ಸಂತೆಯಲ್ಲಿ ಸಾವಿರ ಕಾರು ಒಡೆದು ಮಾರುತ್ತಾರೆ, ಯಾರೋ ಎಲ್ಲೋ ಬಿದ್ದಿದ್ದ ಗಾಡಿಯನ್ನು ಬಿಚ್ಚಿದ್ದಾರೆ, ಇದರಿಂದ ಅಣ್ಣ ಸತ್ತ ಅಂತಲೇ ಗೊತ್ತಾಗುವುದು ಎಂದ. ಹೂರಿಯಾ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆದರೂ ಹೇಳುತ್ತೇನೆ, ಮುರಾದನ ಮಾತಿನಿಂದ ಅವಳಿಗೆ ಒಂದು ಗುಟುಕು ಉಸಿರು ಸಿಕ್ಕಿತ್ತು.

ಮಾವ ಮಾತ್ರ ಅದೇ ಇಂಜಿನ್ನಿನ ಬೇರೆ ಭಾಗಗಳಿಗಾಗಿ ಬಕ್ಕತಲೆಯವನನ್ನು ಬಿಡಲಿಲ್ಲ. ರಂಜಾನಿನ ಎರಡನೇ ವಾರ ನಾಲ್ಕು ಲೈನರ್ ಸಿಕ್ಕವು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಸವೆದರೆ ಹೊಸದು ಹಾಕುತ್ತಾರೆ. ಇವುಗಳ ಅಂಚಿನಲ್ಲೂ ಚುಕ್ಕಿಗಳಿದ್ದವು. ಗೀಟು ಇರಲಿಲ್ಲ. ಹೊರಮೈಯ ಎರಕದಲ್ಲಿ ಉಬ್ಬಿದ್ದ ಅಂಕಿಯನ್ನು ಓದು ಎಂದು ನನ್ನನ್ನು ಕರೆದರು. ನಾನು ಬೆರಳಿನಿಂದ ಜಿಡ್ಡು ಒರೆಸಿ ಓದಿದೆ.

"ತೊಂಬತ್ತೊಂಬತ್ತು."

"ಸರಿಯಾಗಿ ನೋಡು."

"ತೊಂಬತ್ತೊಂಬತ್ತೇ ಮಾವ. ಅದೇನು, ಅಳತೆಯಾ?"

"ಎರಕ ಹೊಯ್ದ ವರ್ಷ."

ಲೆಕ್ಕ ನನಗೆ ಒಂದು ಕ್ಷಣ ತಡವಾಗಿ ಹೊಳೆಯಿತು. ಲಮೀನ್ ಹೋದದ್ದು ತೊಂಬತ್ತೈದರಲ್ಲಿ. ಅವನ ಗಾಡಿಗೆ ನಾಲ್ಕು ವರ್ಷದ ಮೇಲೆ ಯಾರೋ ಹೊಸ ಲೈನರ್ ಕೂರಿಸಿ, ತಪ್ಪು ತುದಿಯಿಂದ ಎಣಿಸಿ ಚುಕ್ಕಿ ಹೊಡೆದಿದ್ದರು. ರಾಡಿನ ಮೇಲಿದ್ದುದನ್ನು ನೋಡಿ ಯಾರಾದರೂ ನಕಲು ಮಾಡಿರಬಹುದಲ್ಲ ಅಂದೆ. ಮಾವ ತಲೆಯಾಡಿಸಿದರು, ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ. ಯಾರ ಮುಂದೆಯೂ ಬಾಯಿ ಬಿಡಬೇಡ ಅಂದರು.

ಮಾಲು ಎಲ್ಲಿಂದ ಬಂತೆಂದು ಬಕ್ಕತಲೆಯವನು ಮೊದಲು ಹೇಳಲಿಲ್ಲ, ಆಮೇಲೆ ಹೇಳಿದ. ಬೆಟ್ಟದಾಚೆಯ ಬಯಲು ಸೀಮೆಯಲ್ಲಿ ಐನ್ ಲಹ್ಮಾರ್ ಎಂಬ ಊರು. ಅದೇ ಕಡೆಯ ಜೆಲ್ಫಾದಲ್ಲಿ ನನ್ನ ತಂಗಿ ಹೆತ್ತಿದ್ದಳು. ಮಗು ನೋಡಿಕೊಂಡು ಬರಲು ವರ್ದಾಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾವ ಮನೆಯಲ್ಲಿ ಹೇಳಿದರು. ಮುರಾದನನ್ನು ಯಾಕೆ ಒಯ್ಯಲಿಲ್ಲ ಎಂದು ನಾನು ಕೇಳಲಿಲ್ಲ. ನನ್ನ ಗಂಡನ ಹೊಟ್ಟೆಯಲ್ಲಿ ಗುಟ್ಟು ಅನ್ನುವುದು ನಿಲ್ಲುವುದಿಲ್ಲ.

ನಸುಕಿನಲ್ಲಿ ಬಾಡಿಗೆ ಕಾರು ಹಿಡಿದು ಹೋದೆವು. ಹತ್ತೂವರೆಗೆ ಇಳಿದಾಗ ಊರು ಖಾಲಿ. ಉಪವಾಸದ ದಿನ, ಬಿಸಿಲು, ಕೆಂಪು ಧೂಳು, ಬೀದಿಯ ಕೊನೆಯಲ್ಲಿ ಗೋಧಿ ತುಂಬುವ ಒಂದು ಎತ್ತರದ ಕಣಜ. ಮೊದಲ ಗ್ಯಾರೇಜಿನಲ್ಲಿ ಒಬ್ಬ ದಪ್ಪನೆಯ ಮೆಕ್ಯಾನಿಕ್ ಒಂದು 404 ಗಾಡಿಯ ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ಮಾವ ಸಲಾಂ ಹೇಳಿ, ಸುಮ್ಮನೆ ಕೇಳುವ ಹಾಗೆ ಕೇಳಿದರು.

"ಒಂದನೇ ಸಿಲಿಂಡರ್ ಯಾವ್ದಪ್ಪ ಇದ್ರಲ್ಲಿ?"

ಅವನು ಫ್ಯಾನಿನ ಕಡೆಗೆ ಬೆರಳು ತೋರಿಸಿದ.

ಎರಡನೇ ಗ್ಯಾರೇಜಿನವನೂ ಅದನ್ನೇ ತೋರಿಸಿದ. ಮೂರನೆಯವನು ಮಾವನನ್ನು ಪೆದ್ದು ಮುದುಕ ಅಂದುಕೊಂಡು ಅವರ ಕೈ ಹಿಡಿದು ಫ್ಯಾನಿನ ಪಕ್ಕದ ಸಿಲಿಂಡರಿನ ಮೇಲೆ ಇಡಿಸಿದ. ಅವನ ಮೇಜಿನ ಮೇಲೆ ರಾಡುಗಳು ಸಾಲಾಗಿದ್ದವು, ಒಂದೊಂದರ ಮೇಲೂ ಚುಕ್ಕಿ. ದೇಶದಲ್ಲಿ ಒಬ್ಬನೇ ಮಾಡುತ್ತಾನೆ ಎಂದು ನಂಬಿದ್ದ ತಪ್ಪನ್ನು ಒಂದು ಇಡೀ ಊರು ಮಾಡುತ್ತಿತ್ತು, ಮತ್ತು ಅದು ತಪ್ಪು ಎಂದು ಅಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಓಡಿಹೋಗೋಣ ಅನ್ನಿಸಿತು ನನಗೆ.

"ಯಾರು ಹೇಳಿಕೊಟ್ಟದ್ದು ನಿಮಗೆ?" ಎಂದು ಮಾವ ಕೇಳಿದರು.

ಅವನು ಕಾರು ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಎಲ್ಲ ಹೇಳಿದ. ಅವರೆಲ್ಲರಿಗೂ ಒಬ್ಬನೇ ಗುರು. ಸಾಲಿಹ್ ಅಂತ ಹೆಸರು ಹೇಳಿಕೊಂಡಿದ್ದ. ತೊಂಬತ್ತಾರರ ಚಳಿಗಾಲದಲ್ಲಿ ಒಂದು ಬಿಳಿ 504ರಲ್ಲಿ ಒಬ್ಬನೇ ಬಂದ. ಬಂಧು ಬಳಗ ಯಾರೆಂದು ಕೇಳಿದರೆ ಎದ್ದು ಹೋಗುತ್ತಿದ್ದ. ಕೈಯಲ್ಲಿ ಚಿನ್ನದಂಥ ಕೆಲಸ. ಏಳು ವರ್ಷ ಇದ್ದ. ಎಂಥ ಗಿರಾಕಿ ಬಂದರೂ ಆ ಕಣಜ ದಾಟಿ ಉತ್ತರದ ದಾರಿಗೆ ಗಾಡಿ ಓಡಿಸಿ ನೋಡಲು ಹೋಗುತ್ತಿರಲಿಲ್ಲ. ಆ ಕಡೆ ಮುಖವನ್ನೇ ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಇವರು ಬಂದಾಗ ಗ್ಯಾರೇಜ್ ತೆರೆದೇ ಇತ್ತು, ಸ್ಟವ್ ಮೇಲಿನ ಕಾಫಿ ಇನ್ನೂ ಬಿಸಿಯಿತ್ತು, ಅವನಿರಲಿಲ್ಲ. ಮೂರು ವರ್ಷ ಕಾದರು. ಆಮೇಲೆ ಗಾಡಿಯನ್ನು ಒಡೆದು ಮಾರಿದರು.

"ನೀವು ಅವರಿಗೆ ಏನಾಗಬೇಕು?" ಎಂದು ಅವನು ಕೇಳಿದ. ಮಾವನ ಮುಖವನ್ನೇ ನೋಡುತ್ತಿದ್ದ. ಮಾವ, ಮಗ, ಮೊಮ್ಮಗಳು ಮೂವರ ಮೂಗು, ಕಿವಿ ಎಲ್ಲ ಒಂದೇ ಅಚ್ಚು ಅಂತ ನಿಹಾದ್ ಹುಟ್ಟಿದಾಗಿನಿಂದ ನಾವೆಲ್ಲ ಹೇಳುತ್ತಿದ್ದೆವು.

"ಏನೂ ಆಗಬೇಕಿಲ್ಲ," ಅಂದರು ಮಾವ.

ವಾಪಸ್ ಬರುವ ದಾರಿಯಲ್ಲಿ ಒಂದೇ ಒಂದು ಸಲ ಮಾತಾಡಿದರು. "ಯಾರ ಭಯಕ್ಕೆ ಓಡಿದ್ನೋ, ಏನು ಮಾಡಿ ಓಡಿದ್ನೋ, ಆ ಐದು ಜನ ಏನಾದ್ರೋ ನಂಗೊತ್ತಿಲ್ಲ. ಒಂದು ಕಾಗದ ಹಾಕ್ಬೋದಿತ್ತು." ಆಮೇಲೆ ಹಲ್ಲು ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು. ನನಗೆ ಅರ್ಥವಾಗದ್ದು ಏನೂ ಇರಲಿಲ್ಲ. ಈ ಸುದ್ದಿ ಮನೆಗೆ ಬಂದರೆ ಹೂರಿಯಾ ಮತ್ತೆ ಗಂಡನಿರುವ ಹೆಂಗಸು. ಬೂಫಾರಿಕ್ ಇಲ್ಲ, ಮೇಷ್ಟ್ರಿಲ್ಲ, ಅವಳು ನಮ್ಮ ಅಂಗಳದ ಗೋಡೆಗೆ ಆತುಕೊಂಡೇ ಮುದುಕಿಯಾಗಬೇಕು. ಸುದ್ದಿ ಬರದಿದ್ದರೆ ನ್ಯಾಯಾಧೀಶರ ಮುಂದೆ, ದೇವರ ಹೆಸರು ಹಿಡಿದು, ಐದು ಹೊತ್ತಿನ ನಮಾಜ್ ತಪ್ಪಿಸದ ಮಾವ ಸುಳ್ಳು ಆಣೆ ಮಾಡಬೇಕು.

ಮನೆಗೆ ಬಂದು ಮಗು ಮುದ್ದಾಗಿದೆ ಅಂದೆ. ತೂಕ ಎಷ್ಟು, ಹೆಸರೇನು, ಯಾರ ಹಾಗಿದೆ ಎಂದು ಅತ್ತೆ ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ. ಅತ್ತೆ ಗಂಡನ ಕಡೆ ನೋಡಿದರು. ಮಾವ ಖರ್ಜೂರದ ಬೀಜವನ್ನು ತಟ್ಟೆಗೆ ಎಸೆದು, ಶೋರ್ಬಾದಲ್ಲಿ ಉಪ್ಪಿಲ್ಲ ಎಂದು ಕೂಗಾಡಿ ಎದ್ದು ಹೋದರು. ಉಪ್ಪು ಸರಿಯಾಗೇ ಇತ್ತು.

ಹಬ್ಬದ ಹಿಂದಿನ ಮಧ್ಯಾಹ್ನ ಇಂಜಿನ್ ಕೂಡಿಸಿ ಮುಗಿಯಿತು. ಒಂದು ಭಾಗವನ್ನೂ ಉಜ್ಜಬೇಕಾಗಿ ಬರಲಿಲ್ಲ. ಮೊದಲಿನಿಂದಲೂ ಅಲ್ಲೇ ಇದ್ದವು ಅನ್ನುವಂತೆ ಎಲ್ಲವೂ ಕೂತವು. ಮಾವ ಕೀಲಿ ತಿರುಗಿಸಿದರು. ಮೂರು ಸಲ ಕೆಮ್ಮಿ ಹತ್ತಿಕೊಂಡಿತು.

ಆ ಸದ್ದು ನಮ್ಮ ಕಾರಿನದಲ್ಲ. ನಾನು ಆ ಮನೆಗೆ ಬಂದದ್ದು ತೊಂಬತ್ತನಾಲ್ಕರಲ್ಲಿ. ಲಮೀನನ ಗಾಡಿ ಸಂಜೆ ಬೀದಿಯ ತಿರುವಿನಲ್ಲಿ ಬರುವಾಗ ಹೇಗೆ ಕೇಳುತ್ತಿತ್ತು ಎಂದು ನನಗೂ ಗೊತ್ತು. ಎದುರು ಮನೆಯ ಕಿಟಕಿ ತೆರೆಯಿತು, ಆಮೇಲೆ ಅದರ ಪಕ್ಕದ್ದು. ಹೂರಿಯಾ ಮಕ್ರೂದ್ ಮಿಠಾಯಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು, ತಟ್ಟೆ ಒಂದು ಕಡೆಗೆ ವಾಲಿ ಮಿಠಾಯಿ ಒಂದೊಂದಾಗಿ ಜಾರಿ ಬಿದ್ದವು. ನಾವೆಲ್ಲ ಅತ್ತೆಯನ್ನು ನೋಡಿದೆವು, ಈಗ ಬೀದಿಬಾಗಿಲಿಗೆ ಓಡುತ್ತಾರೆ ಎಂದು. ಅವರು ಈರುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಸುಲಿದು ಮುಗಿದ ಮೇಲೆ ಎದ್ದು ಹೋಗಿ ಬೀದಿಬಾಗಿಲಿನ ಅಗುಳಿ ಹಾಕಿಕೊಂಡು ಬಂದರು.

ನವೆಂಬರಿನಲ್ಲಿ ಅದೇ ಕಾರಿನಲ್ಲಿ ಕೋರ್ಟಿಗೆ ಹೋದೆವು. ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆವು. ಬೆಳಿಗ್ಗೆ ನೋಡಿದರೆ ಹಾಯಿಕ್ ಎಂಬ ಬಿಳಿ ಮುಸುಕು ಹೊದ್ದು ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದರು. ಇವರು ಎದ್ದು ನಿಂತು ನನ್ನ ಮಗ ಬದುಕಿದ್ದಾನೆ ಅಂದರೆ ಅಲ್ಲಿಗೆ ಮುಗಿಯಿತು ಎಂದು ಹೂರಿಯಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತಾಯಿತು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಇವತ್ತಿಗೂ ಹೇಳಿಲ್ಲ.

ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು. ಮಾವನನ್ನು ಮುಂದೆ ಕರೆದು ಆಣೆ ಮಾಡಿಸಿ ಕೇಳಿದರು. "ಅವತ್ತಿನಿಂದ ಇವತ್ತಿನವರೆಗೆ ನಿಮ್ಮ ಮಗ ಬದುಕಿದ್ದಾನೆ ಅನ್ನುವ ಯಾವುದಾದರೂ ಸುದ್ದಿ, ಗುರುತು, ಏನಾದರೂ ನಿಮಗೆ ಸಿಕ್ಕಿದೆಯೇ?"

ಮಾವ ಬಾಯಿ ತೆರೆದರು. ಮಾತು ಹೊರಡಲಿಲ್ಲ. ನ್ಯಾಯಾಧೀಶೆ ಮತ್ತೊಮ್ಮೆ ಕೇಳಿದರು. ಗುಮಾಸ್ತ ಬರೆಯುವುದು ನಿಲ್ಲಿಸಿ ತಲೆ ಎತ್ತಿದ.

ಹಿಂದಿನ ಬೆಂಚಿನಿಂದ ಅತ್ತೆ ಎದ್ದರು. ಯಾರೂ ಕರೆದಿರಲಿಲ್ಲ. ನಡೆದು ಹೋಗಿ ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಅವರ ಜಾಗದಲ್ಲಿ ತಾವು ನಿಂತರು.

"ಇವರನ್ನ ಬಿಡಮ್ಮ, ಕಿವಿ ಕೇಳ್ಸಲ್ಲ," ಅಂದರು. "ನಾನು ಹೆತ್ತೋಳು. ನನ್ನ ಕೈಲಿ ಆಣೆ ಮಾಡ್ಸು." ಮಾಡಿಸಿದರು. ಅತ್ತೆ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಸುದ್ದಿ ಇಲ್ಲ. ಗುರುತಿಲ್ಲ. ನನ್ನ ಮಗ ಸತ್ತಿದಾನೆ. ಈ ಹುಡುಗಿನ ಬಿಟ್ಬಿಡಿ."

ಹೂರಿಯಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಹೊರಗೆ ಮೆಟ್ಟಿಲಿನ ಹತ್ತಿರ ನಮ್ಮನ್ನು ನಿಲ್ಲಿಸಿ ಮಾವ ಕಾರು ತರಲು ಹೋದರು. ಮುರಾದ್ ಹೂರಿಯಾಳಿಗೆ ನೀರು ತರಲು ಹೋದ. ನಾನು ಅತ್ತೆಯ ತೋಳು ಹಿಡಿದು, ನಿಮಗೆ ಯಾರು ಹೇಳಿದರು ಎಂದು ಮೆಲ್ಲಗೆ ಕೇಳಿದೆ.

"ಯಾರು ಹೇಳ್ಬೇಕು? ನಲವತ್ತೈದು ವರ್ಷ ಆಯ್ತು ಆ ಮನುಷ್ಯನ ಜೊತೆ. ಮಗ ಸತ್ತ ಅಂತ ತಿಳ್ಕೊಂಡು ಬಂದಿದ್ರೆ, ಜೆಲ್ಫಾಗೆ ಅಂತ ಹೋಗ್ಬಂದ ದಿನ ಅಳ್ತಿದ್ದ. ಅಳ್ಲಿಲ್ಲ. ಸಿಟ್ಟು ಮಾಡ್ಕೊಂಡು ಬಂದ."

ಕಾರು ತಿರುವಿನಲ್ಲಿ ಬರುವ ಸದ್ದು ಕೇಳಿತು. ಅತ್ತೆ ಆ ಕಡೆ ನೋಡಲಿಲ್ಲ. ಹಾಯಿಕಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸರಿಮಾಡಿಕೊಂಡರು.

"ಸತ್ತಿದ್ರೆ ನಾನು ಸಾಯೋತನಕ ಕಾಯ್ತಿದ್ದೆ ವರ್ದಾ," ಅಂದರು. "ಬದುಕಿದ್ದೂ ಬರ್ದಿರೋನ್ನ ಎಷ್ಟು ದಿನ ಅಂತ ಕಾಯ್ಲಿ?"